ಕಡಲಿನ ಲೆಕ್ಕದಲ್ಲಿ ಮನುಷ್ಯ: ಸಾಗರ ಪರಿಸರ ನಿರ್ವಹಣೆಯ ಸಾಮಾಜಿಕ ಮುಖ

ನಾನು ವೈದ್ಯವೃತ್ತಿ ನಡೆಸುತ್ತಿರುವ ಅಲ್ ಅಮೇರಾತ್‌ನಿಂದ ಕಡಲು ಕಾಣಿಸುವುದಿಲ್ಲ. ಮಸ್ಕತ್ ಗವರ್ನರೇಟಿಗೆ ಸೇರಿದ ಈ ವಿಲಾಯತ್ತು ಬೋಳು ಬೆಟ್ಟಗಳು ಸುತ್ತುವರಿದ ಒಂದು ಬಯಲು. ವಾದಿ ಅದೈ ಕಣಿವೆಯನ್ನು ಹಾದು ಮತ್ರಾದ ಕಡೆಗೆ ಇಳಿದರೆ ಬಂದರು ಮತ್ತು ಮೀನು ಮಾರುಕಟ್ಟೆ. ಎದುರು ದಿಕ್ಕಿನ ಹೆದ್ದಾರಿ ಹಿಡಿದರೆ ಮೀನುಗಾರರ ಊರಾದ ಖುರಿಯಾತ್. ಕಡಲು ಕಾಣದಿದ್ದರೂ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಉಪ್ಪು ಕಳೆದ ಕಡಲಿನ ನೀರೇ. 2007ರ ಜೂನ್ ತಿಂಗಳಲ್ಲಿ ಗೋನು ಚಂಡಮಾರುತ ಬಂದಾಗ ಒಣಗಿ ಮಲಗಿದ್ದ ವಾದಿಗಳು ಹೊಳೆಗಳಾಗಿ ಹರಿದು, ಕಡಲಿಗೂ ಈ ಬಯಲಿಗೂ ಇರುವ ನಂಟನ್ನು ಎಲ್ಲರಿಗೂ ತೋರಿಸಿಕೊಟ್ಟವು.

ಕೆಲವು ವರ್ಷಗಳ ಹಿಂದೆ ಖುರಿಯಾತ್ ಕಡೆಯ ವೃದ್ಧ ಮೀನುಗಾರರೊಬ್ಬರು ಮಧುಮೇಹದ ಚಿಕಿತ್ಸೆಗೆ ನನ್ನಲ್ಲಿಗೆ ಬರುತ್ತಿದ್ದರು. ಬೆಳಗಿನ ಉಪಾಹಾರದ ಜೊತೆಗೆ ಒಂದು, ರಾತ್ರಿಯ ಊಟದ ಜೊತೆಗೆ ಒಂದು ಎಂದು ಗುಳಿಗೆ ಬರೆದುಕೊಟ್ಟಿದ್ದೆ. ಸಕ್ಕರೆಯ ಪ್ರಮಾಣ ಇಳಿಯಲಿಲ್ಲ. ಗುಳಿಗೆ ಬದಲಿಸಿದೆ, ಪ್ರಮಾಣ ಹೆಚ್ಚಿಸಿದೆ. ಮೂರನೆಯ ಭೇಟಿಯಲ್ಲಿ ಅವರ ದಿನಚರಿಯನ್ನು ವಿಚಾರಿಸಿದಾಗಷ್ಟೇ ತಿಳಿಯಿತು: ಅವರು ನಸುಕಿಗೆ ಮೊದಲೇ ದೋಣಿ ಇಳಿಸುವವರು, ಅವರಿಗೆ ಬೆಳಗಿನ ಉಪಾಹಾರವೆಂಬುದೇ ಇಲ್ಲ. ಮರಳಿ ಬಂದು, ಮೀನು ಮಾರಿ, ನಡುಹಗಲಿನಲ್ಲಿ ಮೊದಲ ಊಟ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಕಡಲಿನ ನಡುವೆ ಕೈಕಾಲು ನಡುಗುತ್ತಿತ್ತು. ಹಾಗಾಗಿ ನುಂಗುವುದನ್ನೇ ಬಿಟ್ಟಿದ್ದರು. ತಪ್ಪು ನನ್ನದೇ ಆಗಿತ್ತು.

ಸಾಗರ ಪರಿಸರದ ನಿರ್ವಹಣೆ ಎಂಬ ವಿಷಯದ ಬಗ್ಗೆ ನಾನು ಓದತೊಡಗಿದ್ದು ಈ ಪ್ರಸಂಗದ ನಂತರ. ಅಲ್ಲಿಯೂ ಬಹುಕಾಲ ಇದೇ ನಡೆದಿತ್ತು. ಮೀನಿನ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಮೀನು ಹಿಡಿಯುವವನು, ಮಾರುವವಳು, ಸಾಲ ಕೊಟ್ಟವನು, ಬಲೆ ಎಳೆಯಲು ಬಂದವನು, ಇವರು ಯಾರೂ ಲೆಕ್ಕದಲ್ಲಿ ಇರುತ್ತಿರಲಿಲ್ಲ.

ಲೆಕ್ಕ ಹುಟ್ಟಿದ ಬಗೆ

ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮೀನುಗಾರಿಕಾ ವಿಜ್ಞಾನದ ಮುಖ್ಯ ಸೂತ್ರ 'ಗರಿಷ್ಠ ಸುಸ್ಥಿರ ಇಳುವರಿ' ಎಂಬುದಾಗಿತ್ತು. ಒಂದು ಜಾತಿಯ ಮೀನು ವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಎಷ್ಟು ಸಾಯುತ್ತದೆ ಎಂದು ಅಂದಾಜಿಸಿ, ಸಂತತಿಗೆ ಧಕ್ಕೆ ಬಾರದಂತೆ ಹಿಡಿಯಬಹುದಾದ ಅತಿ ಹೆಚ್ಚಿನ ಮೊತ್ತವನ್ನು ಕಂಡುಹಿಡಿಯುವುದು ಅದರ ಗುರಿ. ಒಂದು ಜಾತಿಯನ್ನು ಅದರ ಆಹಾರದಿಂದಲೂ ಶತ್ರುಗಳಿಂದಲೂ ಬೇರ್ಪಡಿಸಿ ನೋಡುವುದು ಈ ವಿಧಾನದ ಮೊದಲ ಕೊರತೆ. ಅದನ್ನು ತುಂಬಲು ಇಡೀ ಪರಿಸರ ವ್ಯವಸ್ಥೆಯನ್ನು ಗಣನೆಗೆ ತೆಗೆದುಕೊಳ್ಳುವ ದೃಷ್ಟಿ ಬೆಳೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1995ರಲ್ಲಿ ಜವಾಬ್ದಾರಿಯುತ ಮೀನುಗಾರಿಕೆಯ ಸಂಹಿತೆಯನ್ನು ಪ್ರಕಟಿಸಿತು. 2003ರಲ್ಲಿ ಪರಿಸರ ವ್ಯವಸ್ಥೆಯನ್ನು ಆಧರಿಸಿದ ಮೀನುಗಾರಿಕೆಗೆ ಮಾರ್ಗಸೂಚಿಗಳನ್ನು ಕೊಟ್ಟಿತು. 2014ರಲ್ಲಿ ಸಣ್ಣ ಪ್ರಮಾಣದ ಮೀನುಗಾರಿಕೆಗೆಂದೇ ಪ್ರತ್ಯೇಕ ಮಾರ್ಗಸೂಚಿಗಳು ಬಂದವು. ಈ ಮೂರನ್ನು ಸಾಲಾಗಿ ಓದಿದರೆ ಮನುಷ್ಯ ಮೆಲ್ಲಮೆಲ್ಲನೆ ಕಾಗದದೊಳಗೆ ಬರುವುದು ಕಾಣುತ್ತದೆ.

ಮನುಷ್ಯನನ್ನು ಹೊರಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಲ್ಲರೂ ಉಲ್ಲೇಖಿಸುವುದು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕಥೆಯನ್ನು. ಕರಾವಳಿಯ ಸಣ್ಣ ದೋಣಿಗಳವರು ಮೀನು ಕಡಿಮೆಯಾಗಿದೆ, ಗಾತ್ರ ಕುಗ್ಗಿದೆ ಎಂದು 1980ರ ದಶಕದಲ್ಲೇ ಹೇಳುತ್ತಿದ್ದರು. ದೊಡ್ಡ ಹಡಗುಗಳ ಹಿಡಿತದ ಅಂಕಿಅಂಶಗಳನ್ನು ನೆಚ್ಚಿದ್ದ ಅಂದಾಜುಗಳು ಬೇರೆಯೇ ಚಿತ್ರ ಕೊಡುತ್ತಿದ್ದವು. 1992ರ ಜುಲೈ 2ರಂದು ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಉದ್ಯೋಗ ಕಳೆದುಕೊಂಡರು. ಮೀನುಗಾರರ ಮಾತಿನಲ್ಲಿ ವಿಜ್ಞಾನಕ್ಕೆ ಬೇಕಾದ ಮಾಹಿತಿಯೂ ಇತ್ತು. ಅದನ್ನು ಕೇವಲ ದೂರು ಎಂದು ಬಗೆದದ್ದೇ ಅಲ್ಲಿ ಆದ ಅನಾಹುತ.

ಎಲ್ಲರಿಗೂ ಸೇರಿದ್ದು ಯಾರಿಗೂ ಸೇರದೆ ಹಾಳಾಗುತ್ತದೆ ಎಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಸರ್ಕಾರದ ಅಂಕೆ ಇಲ್ಲವೇ ಖಾಸಗಿ ಒಡೆತನ, ಇವೆರಡೇ ದಾರಿ ಎಂಬ ನಂಬಿಕೆ ಅದರಿಂದ ಬಲವಾಯಿತು. ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು 2009ರಲ್ಲಿ ಪಡೆದ ಎಲಿನಾರ್ ಆಸ್ಟ್ರಮ್ ಈ ನಂಬಿಕೆಯನ್ನು ಪ್ರಶ್ನಿಸಿದರು. ನೀರಾವರಿ ಕಾಲುವೆ, ಹುಲ್ಲುಗಾವಲು, ಕರಾವಳಿಯ ಮೀನುಗಾರಿಕೆ ಮೊದಲಾದವುಗಳಲ್ಲಿ ಜನರೇ ನಿಯಮ ಮಾಡಿಕೊಂಡು ತಲೆಮಾರುಗಳ ಕಾಲ ಬಾಳಿದ ಉದಾಹರಣೆಗಳನ್ನು ಅವರು ಒಟ್ಟುಗೂಡಿಸಿದರು. ಅಂಥ ಒಂದು ಉದಾಹರಣೆ ನಮ್ಮ ಕರಾವಳಿಯಲ್ಲೇ ಇತ್ತು.

ರಂಪಣಿ

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಹಿರಿಯರಿಗೆ ರಂಪಣಿ ಎಂದರೆ ವಿವರಣೆ ಬೇಕಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ದಡದಿಂದ ಎಳೆಯುವ ಬಹು ಉದ್ದದ ಬಲೆ. ಮಳೆಗಾಲ ಮುಗಿದು ಬಂಗುಡೆಯ ಗುಂಪುಗಳು ದಡದ ಹತ್ತಿರ ಸುಳಿಯತೊಡಗಿದಾಗ, ನೀರಿನ ಬಣ್ಣ ಮತ್ತು ಹಕ್ಕಿಗಳ ಹಾರಾಟ ನೋಡಿ ಗುಂಪಿನ ಇರವನ್ನು ಗುರುತಿಸುತ್ತಿದ್ದರು. ದೋಣಿಯೊಂದು ಬಲೆ ಬಿಡುತ್ತ ಗುಂಪನ್ನು ಅರ್ಧವೃತ್ತಾಕಾರವಾಗಿ ಸುತ್ತುವರಿದು ದಡಕ್ಕೆ ಮರಳುತ್ತಿತ್ತು. ಆಮೇಲೆ ಎರಡು ತುದಿಗಳನ್ನೂ ಹತ್ತಾರು ಜನ ಸೇರಿ ಎಳೆಯಬೇಕು. ಮೀನು ಅತಿಯಾಗಿ ಸಿಕ್ಕರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಮೀನನ್ನು ಜೀವಂತವಾಗಿ ಕೂಡಿಟ್ಟು, ಪೇಟೆಯ ಬೇಡಿಕೆಗೆ ತಕ್ಕಂತೆ ಕೆಲವು ದಿನಗಳವರೆಗೆ ಸ್ವಲ್ಪಸ್ವಲ್ಪವಾಗಿ ತೆಗೆಯುವುದೂ ಇತ್ತು. ಮಂಜುಗಡ್ಡೆಯ ಕಾರ್ಖಾನೆಗಳಿಲ್ಲದ ಕಾಲದಲ್ಲಿ ಕಡಲೇ ಶೀತಲಗೃಹ.

ಆದರೆ ರಂಪಣಿಯ ನಿಜವಾದ ಸೋಜಿಗ ಅದರ ಒಡೆತನ. ಇಡೀ ಬಲೆ ಒಬ್ಬರದಾಗಿರುತ್ತಿರಲಿಲ್ಲ. ಪಾಲುದಾರರಾದ ಮನೆಗಳು ಒಂದೊಂದು ತುಂಡು ಬಲೆ ತರುತ್ತಿದ್ದವು. ತುಂಡುಗಳನ್ನು ಜೋಡಿಸಿದರೆ ರಂಪಣಿ. ಬಲೆಯ ತುಂಡಿಗೆ, ದೋಣಿಗೆ, ದುಡಿಮೆಗೆ ಬೇರೆಬೇರೆ ಪಾಲು. ಎಳೆಯಲು ಕೈಕೊಟ್ಟವರಿಗೂ ಒಂದಿಷ್ಟು ಮೀನು ಸಲ್ಲುತ್ತಿತ್ತು. ಉಳಿದ ಬೂತಾಯಿ ಎಣ್ಣೆಗೂ ತೆಂಗಿನ ತೋಟದ ಗೊಬ್ಬರಕ್ಕೂ ಹೋಗುತ್ತಿತ್ತು. ಮೊಗವೀರರ ಗ್ರಾಮಸಭೆಗಳೂ ಗುರಿಕಾರರೂ ಜಗಳ ಬಂದಾಗ ನ್ಯಾಯ ಹೇಳುತ್ತಿದ್ದರು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿರಲಿಲ್ಲ. ನೂಲು ಹುಣ್ಣಿಮೆಯ ಸಮುದ್ರಪೂಜೆಯಲ್ಲಿ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆ ಋತು ಆರಂಭ. ಪಶ್ಚಿಮ ಕರಾವಳಿಯ ಅನೇಕ ಮೀನುಗಳು ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಅಲೆಗಳ ಭಯದಿಂದ ಹುಟ್ಟಿದ ಕಟ್ಟಳೆ ಮೀನಿಗೂ ಬಿಡುವು ಕೊಟ್ಟಿತ್ತು.

1975-76ರ ಸುಮಾರಿಗೆ ಪರ್ಸಿನ್ ಬಲೆ ಬಂತು. ಚೀಲದ ಬಾಯಿಗೆ ಹಗ್ಗ ಬಿಗಿದಂತೆ ತಳಭಾಗವನ್ನು ಮುಚ್ಚಬಲ್ಲ ಈ ಬಲೆಯನ್ನು ಯಂತ್ರದ ದೋಣಿಗಳು ಕಡಲಿನ ನಡುವೆಯೇ ಬೀಸುತ್ತವೆ. ದಡಕ್ಕೆ ಬರಬೇಕಾದ ಗುಂಪನ್ನು ಅವು ದಾರಿಯಲ್ಲೇ ಹಿಡಿದವು. ಬ್ಯಾಂಕುಗಳ ಸಾಲ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ದೋಣಿಗಳು ನೂರಾರಾದವು. ರಂಪಣಿಯವರಿಗೂ ಪರ್ಸಿನ್ ದೋಣಿಗಳವರಿಗೂ ಕಡಲಲ್ಲೂ ದಡದಲ್ಲೂ ಘರ್ಷಣೆಗಳಾದವು. ರಂಪಣಿಯ ಪಾಲುದಾರರಲ್ಲೇ ಕೆಲವರು ಗುಂಪುಗೂಡಿ ಪರ್ಸಿನ್ ದೋಣಿ ಕೊಂಡರು. ಉಳಿದವರು ಕೂಲಿಗಳಾದರು, ಇಲ್ಲವೇ ಮುಂಬಯಿಗೆ ಹೋದರು. ಹತ್ತು ವರ್ಷ ಕಳೆಯುವುದರೊಳಗೆ ರಂಪಣಿ ಬಹುಮಟ್ಟಿಗೆ ನಿಂತುಹೋಯಿತು. ಈಗ ಕಾಣಸಿಗುವುದು ಅದರ ಕಿರಿಯ ರೂಪವಾದ ಕೈರಂಪಣಿ. ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ, ಅಂದರೆ ಹೊಡೆದಾಟ ಮುಗಿದ ಮೇಲೆ.

ಇದನ್ನು ಯಂತ್ರದ ವಿರುದ್ಧದ ವಾದವೆಂದು ಓದುಗರು ಭಾವಿಸಬಾರದು. ಪರ್ಸಿನ್ ದೋಣಿಗಳು ಹೆಚ್ಚು ಮೀನು ತಂದವು. ಅನೇಕ ಮನೆಗಳಿಗೆ ಹೆಂಚಿನ ಬದಲು ತಾರಸಿ ಬಂತು, ಮಕ್ಕಳು ಕಾಲೇಜು ಕಂಡರು. ಮಸ್ಕತ್ತಿನಲ್ಲಿ ನನ್ನೊಡನೆ ಕೆಲಸ ಮಾಡಿದ ದಾದಿಯರಲ್ಲಿ ಅಂಥ ಮನೆಗಳವರೂ ಇದ್ದಾರೆ. ನಾನು ಹೇಳುವುದು ಇಷ್ಟೇ: ಹೊಸ ಬಲೆಗೆ ಸಾಲ ಮಂಜೂರು ಮಾಡಿದಾಗ ಮೀನಿನ ಟನ್ನುಗಳನ್ನು ಎಣಿಸಿದರು, ಹಳೆಯ ಬಲೆ ಎಷ್ಟು ಮನೆಗಳನ್ನು ಒಂದು ಹಗ್ಗದಲ್ಲಿ ಕಟ್ಟಿತ್ತು ಎಂಬುದನ್ನು ಎಣಿಸಲಿಲ್ಲ. ರಂಪಣಿ ಬಲೆಯೂ ಹೌದು, ನಿರ್ವಹಣಾ ವ್ಯವಸ್ಥೆಯೂ ಹೌದು. ಬಲೆಯ ಜೊತೆಗೆ ಆ ವ್ಯವಸ್ಥೆಯೂ ಹೋಯಿತು. ಅದರ ಜಾಗದಲ್ಲಿ ಕಾನೂನನ್ನು ಕಟ್ಟಲು ಇಂದಿಗೂ ಪ್ರಯಾಸಪಡುತ್ತಿದ್ದೇವೆ.

ರಜೆಯ ಬೆಲೆ

ಮಳೆಗಾಲದ ಕಟ್ಟಳೆ ಈಗ ಸರ್ಕಾರದ ಆದೇಶ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ಜೀವಶಾಸ್ತ್ರದ ದೃಷ್ಟಿಯಿಂದ ಒಪ್ಪಬಹುದಾದ ನಿಯಮ. ಆದರೆ ಈ 61 ದಿನಗಳ ವೆಚ್ಚವನ್ನು ಹೊರುವವರು ಯಾರು?

ದೋಣಿಯ ಮಾಲೀಕರಿಗೆ ಇದು ದುರಸ್ತಿಯ ಕಾಲ. ಸಾಲದ ಬಡ್ಡಿ ಓಡುತ್ತದೆ, ಆದರೆ ಡೀಸೆಲಿನ ಖರ್ಚಿಲ್ಲ. ದೋಣಿಯಲ್ಲಿ ದುಡಿಯುವವರಿಗೆ ಉಳಿತಾಯ ಮತ್ತು ಪರಿಹಾರದ ಯೋಜನೆಯೊಂದು ಇದೆ: ಮೀನುಗಾರ 1500 ರೂಪಾಯಿ ಕೂಡಿಟ್ಟರೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತಲಾ 1500 ಸೇರಿಸಿ, ಒಟ್ಟು 4500 ರೂಪಾಯಿಗಳನ್ನು ಮೂರು ತಿಂಗಳಲ್ಲಿ ಹಂಚಿಕೊಡುತ್ತಿದ್ದವು. ತಿಂಗಳಿಗೆ 1500 ರೂಪಾಯಿಯಲ್ಲಿ ಒಂದು ಮನೆ ಹೇಗೆ ನಡೆಯುತ್ತಿತ್ತೆಂದು ಓದುಗರೇ ಊಹಿಸಬಹುದು. ಮಲ್ಪೆ, ಮಂಗಳೂರುಗಳ ದೋಣಿಗಳಲ್ಲಿ ದುಡಿಯುವ ಹೊರರಾಜ್ಯದವರು ರಜೆ ಬಂದೊಡನೆ ರೈಲು ಹತ್ತುತ್ತಾರೆ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸಿನ ಬಂಡವಾಳ ದಿನದ ಮೀನೇ. ಮೀನಿಲ್ಲದ ದಿನ ಅವಳಿಗೆ ವ್ಯಾಪಾರವಿಲ್ಲ, ಆದರೆ ಬಡ್ಡಿಯುಂಟು.

ವೆಚ್ಚದ ಹಂಚಿಕೆ ಹೀಗೆ ಓರೆಯಾಗಿದ್ದಾಗ ನಿಯಮ ಮುರಿಯುವ ಆಸೆ ಹುಟ್ಟುವುದು ಸಹಜ. 1940ರ ದಶಕದಲ್ಲಿ ಮದರಾಸು ಸರ್ಕಾರ ಮರಿ ಬೂತಾಯಿಗಳನ್ನು ಹಿಡಿಯದಂತೆ ನಿರ್ಬಂಧ ಹೇರಿ, ಜಾರಿಗೊಳಿಸಲಾಗದೆ ಕೈಬಿಟ್ಟಿತ್ತು. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಖರ ದೀಪ ಬಳಸುವ ಬೆಳಕು ಮೀನುಗಾರಿಕೆಯನ್ನೂ ಎರಡು ದೋಣಿಗಳು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನೂ ನಿಷೇಧಿಸಿತು. ಆಮೇಲೂ ನಾಡದೋಣಿಯವರು ಅದರ ವಿರುದ್ಧ ಬೀದಿಗಿಳಿಯುತ್ತಲೇ ಇದ್ದಾರೆ. ಟ್ರಾಲ್ ಬಲೆಯಲ್ಲಿ ಸಿಕ್ಕ ಮರಿಮೀನುಗಳನ್ನು ಕೊಳ್ಳಲು ಮೀನುಹಿಟ್ಟಿನ ಕಾರ್ಖಾನೆಗಳು ಕಾದಿರುವಾಗ, ಬಲೆಯ ಕಣ್ಣಿನ ಅಳತೆಯನ್ನು ದಡದಲ್ಲಿ ನಿಂತು ಪರೀಕ್ಷಿಸುವ ಅಧಿಕಾರಿ ಎಷ್ಟನ್ನು ತಡೆದಾನು? ಕೊಳ್ಳುವವನನ್ನು ಬಿಟ್ಟು ಹಿಡಿಯುವವನನ್ನು ಮಾತ್ರ ನಿಯಂತ್ರಿಸುವುದು, ರೋಗದ ಮೂಲ ಬಿಟ್ಟು ಜ್ವರಕ್ಕೆ ಮಾತ್ರ ಔಷಧ ಕೊಟ್ಟಂತೆ.

ಎಣಿಕೆಗೆ ಸಿಗದ ಹೆಂಗಸರು

ಆಹಾರ ಮತ್ತು ಕೃಷಿ ಸಂಸ್ಥೆ ಇತರ ಸಂಸ್ಥೆಗಳೊಡನೆ ಸೇರಿ 2023ರಲ್ಲಿ ಪ್ರಕಟಿಸಿದ ಜಾಗತಿಕ ಅಧ್ಯಯನದ ಪ್ರಕಾರ, ಜಗತ್ತಿನ ಮೀನಿನ ಹಿಡಿತದಲ್ಲಿ ಕನಿಷ್ಠ ಶೇ. 40ರಷ್ಟು ಸಣ್ಣ ಪ್ರಮಾಣದ ಮೀನುಗಾರಿಕೆಯದು. ಅದರಲ್ಲಿ ತೊಡಗಿದ ಪ್ರತಿ ಹತ್ತು ಜನರಲ್ಲಿ ನಾಲ್ವರು ಹೆಂಗಸರು. ನಿರ್ವಹಣಾ ಸಮಿತಿಗಳಲ್ಲಿ ಅವರ ಪಾಲು ಇದರ ಹತ್ತಿರಕ್ಕೂ ಬರುವುದಿಲ್ಲ.

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಸೊಂಟದುದ್ದದ ನೀರಿನಲ್ಲಿ ನಿಂತು ಚಿಪ್ಪಿಗಳನ್ನು ಆಯುತ್ತಾರೆ. ದೋಣಿ, ಎಂಜಿನ್, ಪರವಾನಗಿ ಯಾವುದೂ ಇಲ್ಲದ ಈ ದುಡಿಮೆ ಬಂದರಿನಲ್ಲಿ ಇಳಿದ ಮೀನಿನ ಲೆಕ್ಕಕ್ಕೆ ಸೇರುವುದು ಕಷ್ಟ. ಅಳಿವೆಯ ಅಂಚಿನ ಗಜನಿ ಭೂಮಿಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಕಡಲಿನ ನೀರು ಬಿಟ್ಟು ಮೀನು, ಸಿಗಡಿ. ಕಟ್ಟೆಗಳ ತೂಬನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಊರೊಟ್ಟಿನ ತೀರ್ಮಾನ. ಇಲ್ಲಿನ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗ ಸ್ಥಳೀಯರು ವಿರೋಧಿಸಿದರು. ಅಳಿವೆಯ ಜೀವಿಗಳನ್ನೂ ಅವುಗಳಿಂದ ಬದುಕುವ ಮನೆಗಳನ್ನೂ ವಿಜ್ಞಾನಿಗಳು ಒಟ್ಟಿಗೆ ಲೆಕ್ಕ ಹಾಕಿ ತೋರಿಸಿದ್ದು ಆ ವಿರೋಧಕ್ಕೆ ಬಲ ಕೊಟ್ಟಿತು. ಯೋಜನೆ ಕೈಬಿಟ್ಟುಹೋಯಿತು. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಚಿಪ್ಪಿ ಆಯುವ ಹೆಂಗಸರ ದೃಷ್ಟಿಯಿಂದ ಮುಂದಿನ ಪ್ರಶ್ನೆ, ಅಳಿವೆಯನ್ನು ರಕ್ಷಿಸುವ ಸಮಿತಿಯಲ್ಲಿ ತಮಗೊಂದು ಕುರ್ಚಿ ಉಂಟೋ, ಅಥವಾ ಅಳಿವೆಗೆ ಇಳಿಯಲು ಇನ್ನೊಬ್ಬರ ಅಪ್ಪಣೆ ಬೇಕಾಗುತ್ತದೆಯೋ ಎಂಬುದು.

ಒಮಾನಿನ ಕಡಲ ಕಟ್ಟಳೆ

ಕಡಲಿನ ಈಚೆ ದಡದಲ್ಲಿಯೂ ರಂಪಣಿಯ ಸೋದರಿಯೊಂದಿದೆ. ಒಮಾನಿನ ಕರಾವಳಿಯ ಜನ ಬೂತಾಯಿಯ ಜಾತಿಯ ಮೀನುಗಳಿಗೆ ದಡದಿಂದ ಬಲೆ ಎಳೆಯುವ ಪದ್ಧತಿಯನ್ನು ಧಗ್ವಾ ಎನ್ನುತ್ತಾರೆ. ಇಲ್ಲೂ ಹತ್ತಾರು ಕೈಗಳು, ಪಾಲು, ಸರದಿ. ಒಣಗಿಸಿದ ಮೀನು ದೋಫಾರಿನಲ್ಲಿ ಒಂಟೆ, ದನಗಳಿಗೆ ಮೇವು. ನಮ್ಮಲ್ಲಿ ತೆಂಗಿನ ಬುಡಕ್ಕೆ ಹೋದದ್ದು ಇಲ್ಲಿ ಒಂಟೆಯ ಬಾಯಿಗೆ.

ಇಂಥ ಸರದಿ, ಎಲ್ಲೆ, ಬಲೆಗಳ ಬಗೆಗಿನ ಕಟ್ಟಳೆಗಳಿಗೆ ಅರಬ್ಬಿಯಲ್ಲಿ 'ಸುನನ್ ಅಲ್ ಬಹ್ರ್', ಕಡಲಿನ ಸಂಪ್ರದಾಯಗಳು, ಎಂದು ಹೆಸರು. ಆಧುನಿಕ ಕಾನೂನು ಬಂದಾಗ ಒಮಾನ್ ಇವನ್ನು ಅಳಿಸಿಹಾಕಲಿಲ್ಲ. ಕರಾವಳಿಯ ವಿಲಾಯತ್ತುಗಳಲ್ಲಿ ಇದೇ ಹೆಸರಿನ ಸಮಿತಿಗಳಿವೆ. ವಾಲಿ ಅದರ ಅಧ್ಯಕ್ಷ. ಅನುಭವಿ ಮೀನುಗಾರರು ಸದಸ್ಯರು. ಬಲೆಗಳು ಸಿಕ್ಕಿಕೊಂಡ ಜಗಳ, ನೆರೆಯೂರಿನವರು ಬಂದು ಹಿಡಿದ ದೂರು, ಇಂಥವು ನ್ಯಾಯಾಲಯಕ್ಕೆ ಹೋಗುವ ಮೊದಲು ಇಲ್ಲಿ ಇತ್ಯರ್ಥವಾಗುತ್ತವೆ. ಸರ್ಕಾರದ ಅಧಿಕಾರವೂ ಊರಿನ ತಿಳಿವಳಿಕೆಯೂ ಒಂದೇ ಮೇಜಿಗೆ ಬರುವ ಏರ್ಪಾಡು. 1980ರ ದಶಕದಲ್ಲಿ ನಮ್ಮ ಗುರಿಕಾರರಿಗೆ ಇಂಥದ್ದೊಂದು ಕುರ್ಚಿ ಸಿಕ್ಕಿದ್ದರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಇಲ್ಲಿಯೂ ಋತುಗಳಿವೆ. ನಾವು ಅಂಜಲ್ ಎನ್ನುವ, ಇಲ್ಲಿ ಕನಅದ್ ಎನಿಸಿಕೊಳ್ಳುವ ಮೀನನ್ನು ಆಗಸ್ಟ್ 15ರಿಂದ ಅಕ್ಟೋಬರ್ 15ರವರೆಗೆ ಹಿಡಿಯುವಂತಿಲ್ಲ. ಆ ಎರಡು ತಿಂಗಳು ಮತ್ರಾ ಮಾರುಕಟ್ಟೆಯಲ್ಲಿ ಕರಾವಳಿಯ ಕನ್ನಡಿಗರ ಮುಖ ಬಾಡಿರುವುದನ್ನು ನೋಡಬೇಕು. ವಿದೇಶಿ ಹಡಗುಗಳು ತಳ ಕೆರೆದು ಮಾಡುತ್ತಿದ್ದ ಟ್ರಾಲಿಂಗ್ 2011ರ ವೇಳೆಗೆ ನಿಂತಿತು. ಸಣ್ಣ ದೋಣಿಗಳವರ ಬಹುಕಾಲದ ದೂರು ಅದಕ್ಕೆ ಒಂದು ಕಾರಣ.

ದೋಫಾರಿನ ಮಿರ್ಬಾತ್, ಸದಹ್ ಕಡೆಯ ಸುಫೈಲಾ ಎಂಬ ಬೆಲೆಬಾಳುವ ಚಿಪ್ಪುಜೀವಿಯ ಕಥೆ ಅಷ್ಟು ಸುಖಕರವಲ್ಲ. ಅಬಲೋನಿ ಎಂದು ಹೊರಜಗತ್ತು ಕರೆಯುವ ಇದನ್ನು ಗಂಡಸರು ಉಸಿರು ಬಿಗಿಹಿಡಿದು ಮುಳುಗಿ ತೆಗೆಯುತ್ತಾರೆ. ಆಳವಿಲ್ಲದ ನೀರಿನಲ್ಲಿ ಹೆಂಗಸರೂ ಆಯುತ್ತಾರೆ. ಪೂರ್ವ ಏಷ್ಯಾದ ಬೇಡಿಕೆ ಬೆಲೆಯನ್ನು ಏರಿಸಿದಂತೆ ಚಿಪ್ಪುಗಳ ಗಾತ್ರ ಇಳಿಯಿತು. ಸರ್ಕಾರ ಋತುವನ್ನು ಕೆಲವೇ ದಿನಗಳಿಗೆ ಇಳಿಸಿತು, ಕನಿಷ್ಠ ಗಾತ್ರ ನಿಗದಿಪಡಿಸಿತು, ಕೆಲವು ವರ್ಷ ಪೂರ್ತಿಯಾಗಿ ಮುಚ್ಚಿತು. ಋತು ಕಿರಿದಾದಷ್ಟೂ ಧಾವಂತ ಹೆಚ್ಚುವುದು ಲೋಕದ ಎಲ್ಲ ಮೀನುಗಾರಿಕೆಗಳಲ್ಲೂ ಕಂಡ ಸಂಗತಿ: ಹತ್ತು ದಿನಗಳಲ್ಲಿ ವರ್ಷದ ಗಳಿಕೆ ಆಗಬೇಕೆಂದರೆ ಮುಳುಗುವವನು ದಣಿವನ್ನೂ ಕಿವಿನೋವನ್ನೂ ಲೆಕ್ಕಿಸುವುದಿಲ್ಲ. ಚಿಪ್ಪನ್ನು ಕಾಯುವ ನಿಯಮ ಮುಳುಗುವವನ ದೇಹದ ಮೇಲೆ ಬೀಳುವುದು ಹೀಗೆ. ವೈದ್ಯನಾಗಿ ನಾನು ಇದನ್ನು ಬದಿಗಿಡಲಾರೆ.

ಸಂಪ್ರದಾಯಕ್ಕೂ ಮಿತಿಗಳಿವೆ. ರಂಪಣಿಯಲ್ಲಿ ದೋಣಿಯುಳ್ಳವರ ಪಾಲು ದೊಡ್ಡದು, ಹೆಂಗಸರಿಗೆ ಮಾತಿಲ್ಲ. ಸುನನ್ ಸಮಿತಿಗಳ ಹಿರಿಯರು ಗಂಡಸರು; ದೋಣಿಯಲ್ಲಿ ದುಡಿಯುವ ವಲಸಿಗನಿಗೆ ಅಲ್ಲಿ ಹೆಚ್ಚಿನ ದನಿಯಿಲ್ಲ. ಹಳೆಯ ಕಟ್ಟಳೆಗಳು ಬೂತಾಯಿಯ ಋತುವನ್ನು ಬಲ್ಲವು. ಕಡಲಿನ ತಾಪ ಏರಿ ಮೀನು ಜಾಗ ಬದಲಿಸುವುದನ್ನು ಬಲ್ಲವೇ? ಅದಕ್ಕೆ ಉಪಗ್ರಹದ ಚಿತ್ರವೂ ಸಂಶೋಧನಾ ನೌಕೆಯೂ ಬೇಕು.

ಆದ್ದರಿಂದ ಕಡಲಿನ ಒಂದು ಯೋಜನೆ ಕೈಗೆ ಬಂದಾಗ ಮೀನಿನ ಅಂದಾಜಿನ ಪಕ್ಕದಲ್ಲಿ ಕೆಲವು ಅಂಕಣಗಳು ಇವೆಯೇ ಎಂದು ನೋಡುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಯಾರ ಮನೆಗೆ ಎಷ್ಟು ತಿಂಗಳ ಆದಾಯ ಇದರಿಂದ ಬರುತ್ತದೆ; ಸಾಲ ಯಾರದು, ಮೀನಿನ ಮೊದಲ ಹಕ್ಕು ಆ ಸಾಲಗಾರನಿಗೆ ಬರೆದುಕೊಟ್ಟದ್ದೇ; ದಡದಲ್ಲಿ ಒಣಗಿಸಲು, ಬಲೆ ಹೊಲಿಯಲು ಜಾಗ ಉಳಿದಿದೆಯೇ; ನಿಯಮವನ್ನು ಬರೆಯುವ ಮೊದಲು ಯಾರನ್ನು ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು. ಕೊನೆಯ ಪ್ರಶ್ನೆ ಕ್ಷುಲ್ಲಕವಲ್ಲ. ಬೂತಾಯಿಗೆ ಉತ್ತರ ಕನ್ನಡದಲ್ಲಿ ತಾರ್ಲೆ ಎನ್ನುತ್ತಾರೆ; ತುಳು, ಕೊಂಕಣಿ, ಕನ್ನಡ ಮೂರರಲ್ಲೂ ಒಂದೇ ಮೀನಿಗೆ ವಯಸ್ಸಿಗೊಂದು ಹೆಸರಿರುವುದುಂಟು. ಪ್ರಶ್ನಾವಳಿ ಹಿಡಿದು ಬಂದವನಿಗೆ ಆ ಹೆಸರುಗಳು ಗೊತ್ತಿಲ್ಲದಿದ್ದರೆ, ಮರಿಮೀನಿನ ಬಗ್ಗೆ ಅವನು ಕೇಳಿದ ಪ್ರಶ್ನೆಯೇ ತಪ್ಪಿರುತ್ತದೆ.

2017ರ ಕೊನೆಗೆ ಒಮಾನಿನ ಮಸೀರಾ ಕೊಲ್ಲಿಯಲ್ಲಿ ಲುಬಾನ್ ಎಂದು ಹೆಸರಿಟ್ಟ ಒಂದು ಹೆಣ್ಣು ಗೂನುಬೆನ್ನಿನ ತಿಮಿಂಗಿಲಕ್ಕೆ ವಿಜ್ಞಾನಿಗಳು ಉಪಗ್ರಹಕ್ಕೆ ಸಂಕೇತ ಕಳಿಸುವ ಸಾಧನವನ್ನು ಅಂಟಿಸಿದರು. ಅರಬ್ಬೀ ಸಮುದ್ರದ ಈ ತಿಮಿಂಗಿಲಗಳು ಬೇರೆ ಸಾಗರಗಳ ತಮ್ಮ ಬಂಧುಗಳಂತೆ ಧ್ರುವಗಳಿಗೆ ಹೋಗಿಬರುವುದಿಲ್ಲ. ಒಮಾನಿನ ಬಳಿ ಉಳಿದಿರುವುದು ನೂರರೊಳಗೆ ಎಂದು ಅಂದಾಜು. ಮೀನುಬಲೆಗೆ ಸಿಕ್ಕಿಕೊಳ್ಳುವುದು ಅವುಗಳಿಗಿರುವ ಮುಖ್ಯ ಅಪಾಯಗಳಲ್ಲೊಂದು. ಲುಬಾನ್ ಕೆಲವೇ ವಾರಗಳಲ್ಲಿ ಅರಬ್ಬೀ ಸಮುದ್ರವನ್ನು ಅಡ್ಡಹಾಯ್ದು ಭಾರತದ ಪಶ್ಚಿಮ ಕರಾವಳಿಗೆ ತಲುಪಿ, ದಕ್ಷಿಣಕ್ಕೆ ಈಜಿತು. ಖುರಿಯಾತಿನ ನನ್ನ ರೋಗಿಗೆ ಈ ಸುದ್ದಿಯನ್ನು ಹೇಳಿದಾಗ ಅವರಿಗೆ ಅಚ್ಚರಿಯಾಗಲಿಲ್ಲ. ತಿಮಿಂಗಿಲ ಬಲೆಗೆ ಬಿದ್ದರೆ ಬಲೆ ಕತ್ತರಿಸಿ ಬಿಡಬೇಕೆಂಬುದು ತಮಗೂ ಗೊತ್ತು ಎಂದರು. ಆಮೇಲೆ, ಕತ್ತರಿಸಿದ ಬಲೆಯ ಹಣವನ್ನು ಯಾರು ಕೊಡುತ್ತಾರೆ ಎಂದು ಕೇಳಿದರು.